ದಡಾರ ಲಸಿಕೆಯಿಂದ ತಾಲ್ಲೂಕಿಗೆ ಆದ ಪ್ರಯೋಜನವನ್ನು ಅಳೆಯುವ ಬಗೆ

ಲಸಿಕಾ ಕಾರ್ಯಕ್ರಮದ ವಾರ್ಷಿಕ ವರದಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಷ್ಟು ಮಕ್ಕಳಿಗೆ ಚುಚ್ಚುಮದ್ದು ಹಾಕಲಾಯಿತು ಎಂಬ ಅಂಕಿ. ಅದು ಸಿಬ್ಬಂದಿಯ ದುಡಿಮೆಯ ಲೆಕ್ಕವೇ ಹೊರತು ಮಕ್ಕಳ ಆರೋಗ್ಯಕ್ಕೆ ಆದ ಪ್ರಯೋಜನದ ಲೆಕ್ಕವಲ್ಲ. ಈ ಎರಡನೆಯ ಲೆಕ್ಕವನ್ನು ಕಲಿಯಲು ದಡಾರದಷ್ಟು ಅನುಕೂಲವಾದ ಕಾಯಿಲೆ ಇನ್ನೊಂದಿಲ್ಲ. ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ಒಬ್ಬ ರೋಗಿಯಿಂದ 12ರಿಂದ 18 ಮಂದಿಗೆ ಹರಡಬಲ್ಲ ಕಾಯಿಲೆಯಾದ್ದರಿಂದ, ಕಾರ್ಯಕ್ರಮ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಅದೇ ಮೊದಲು ತಲೆ ಎತ್ತುತ್ತದೆ.

ಕಾಲಘಟ್ಟವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಭಾರತದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಆರಂಭವಾಯಿತು, ದಡಾರದ ಎರಡನೇ ಡೋಸ್ 2010ರಿಂದೀಚೆಗೆ ಸೇರಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆ ದಡಾರ ಮತ್ತು ಅದರಂತೆಯೇ ದದ್ದು ಏಳಿಸುವ ರುಬೆಲ್ಲಾ ಎರಡರ ವಿರುದ್ಧವೂ ಲಸಿಕಾ ಅಭಿಯಾನ ನಡೆಯಿತು. ಅಭಿಯಾನದ ಫಲವನ್ನು ನೋಡಬೇಕೆಂದರೆ ಅದರ ಹಿಂದಿನ ಮತ್ತು ಮುಂದಿನ ಹಲವು ವರ್ಷಗಳ ಪ್ರಕರಣಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು. ದಡಾರ ಎರಡು ಮೂರು ವರ್ಷಕ್ಕೊಮ್ಮೆ ತಾನಾಗಿಯೇ ಏರಿಳಿಯುವುದರಿಂದ ಒಂದು ವರ್ಷವನ್ನು ಇನ್ನೊಂದರ ಜೊತೆ ಹೋಲಿಸಿದರೆ ಮೋಸಹೋಗುತ್ತೇವೆ. 2020 ಮತ್ತು 2021ನ್ನು ಪ್ರತ್ಯೇಕವಾಗಿಯೇ ಇಡಿ. ಕೋವಿಡ್ ನಿರ್ಬಂಧಗಳಿಂದ ಆಗ ಸೋಂಕೂ ತಗ್ಗಿತ್ತು, ಲಸಿಕೆಯೂ ತಪ್ಪಿತ್ತು. ತಪ್ಪಿದ ಡೋಸ್‌ಗಳ ಫಲ 2022ರ ಕೊನೆಯಲ್ಲಿ ಮುಂಬೈಯಲ್ಲಿ ಹಬ್ಬಿದ ದಡಾರದಲ್ಲಿ ಕಾಣಿಸಿತು.

ಮುಂದಿನದು ವ್ಯಾಪ್ತಿಯ ಲೆಕ್ಕ, ಅಂದರೆ ಅರ್ಹ ಮಕ್ಕಳಲ್ಲಿ ಶೇಕಡಾ ಎಷ್ಟು ಮಂದಿಗೆ ಲಸಿಕೆ ಸಿಕ್ಕಿದೆ ಎಂಬುದು. ಇಲ್ಲಿ ತಪ್ಪುವುದು ಸಾಮಾನ್ಯವಾಗಿ ಅಂಶವಲ್ಲ, ಛೇದ. ತಾಲ್ಲೂಕಿನ ವರದಿ ಶೇ. 104 ಎಂದು ಹೇಳಿದರೆ ಸಂತೋಷಪಡುವ ಬದಲು ಅರ್ಹ ಮಕ್ಕಳ ಸಂಖ್ಯೆಯನ್ನು ಯಾರು, ಯಾವಾಗ ಅಂದಾಜಿಸಿದರು ಎಂದು ಕೇಳಬೇಕು. ಕಬ್ಬು ಕಡಿಯಲು ಬಂದವರ ಗುಡಿಸಲು, ಇಟ್ಟಿಗೆ ಭಟ್ಟಿ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡು, ಇವು ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿವೆ ಎಂಬುದನ್ನೂ ನೋಡಬೇಕು. ಹೋಲಿಕೆಗೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪೂರ್ಣ ಲಸಿಕೆ ಪಡೆದಿದ್ದ 12ರಿಂದ 23 ತಿಂಗಳ ಮಕ್ಕಳು ಸುಮಾರು ಶೇ. 84. ಅನುಮಾನವಿದ್ದಲ್ಲಿ ಸ್ವಂತ ಸಮೀಕ್ಷೆ ಮಾಡಿ: 30 ಗುಂಪು (ಹಳ್ಳಿ ಅಥವಾ ಬಡಾವಣೆ), ಗುಂಪಿಗೆ 7 ಮಕ್ಕಳು ಎಂಬ ಹಳೆಯ ವಿಧಾನ ತಾಲ್ಲೂಕಿನ ಒಟ್ಟು ಅಂದಾಜಿಗೆ ಸಾಕು. ಆದರೆ ರಸ್ತೆಬದಿಯ ಮನೆಗಳನ್ನೇ ಆರಿಸುವ ಚಪಲವನ್ನು ಬಿಡಬೇಕು. ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ ಹಾಕುವಂಥದ್ದು. ಅದರ ವ್ಯಾಪ್ತಿಯನ್ನು ಎರಡು ವರ್ಷ ತುಂಬಿದ ಮಕ್ಕಳಲ್ಲೇ ಅಳೆಯಬೇಕು. ಬಾಯಿಮಾತಿಗಿಂತ ತಾಯಿ ಕಾರ್ಡಿನ ದಿನಾಂಕ ಮೇಲು.

ಪ್ರಕರಣಗಳ ಎಣಿಕೆಯಲ್ಲಿ ನಮ್ಮದೇ ಒಂದು ತೊಡಕಿದೆ. ಮೈಮೇಲೆ ದದ್ದು ಎದ್ದರೆ 'ಅಮ್ಮ ಬಂದಿದೆ' ಎಂದು ಬೇವಿನ ಸೊಪ್ಪಿನ ಮೇಲೆ ಮಲಗಿಸುವ ಮನೆಗಳಿವೆ, ಆ ಮಗು ಆಸ್ಪತ್ರೆಯ ನೋಂದಣಿಗೆ ಬರುವುದೇ ಇಲ್ಲ. ಹೀಗಾಗಿ 'ದಡಾರ ಶೂನ್ಯ' ಎಂಬ ವರದಿಯನ್ನು ನಂಬುವ ಮೊದಲು, ಜ್ವರದ ಜೊತೆ ದದ್ದು ಕಂಡ ಎಷ್ಟು ಮಕ್ಕಳ ರಕ್ತವನ್ನು ಪರೀಕ್ಷಿಸಿ ದಡಾರವೂ ಅಲ್ಲ, ರುಬೆಲ್ಲಾವೂ ಅಲ್ಲ ಎಂದು ತೀರ್ಮಾನಿಸಲಾಗಿದೆ ಎಂಬುದನ್ನು ನೋಡಿ. ವರ್ಷಕ್ಕೆ ಲಕ್ಷ ಜನಸಂಖ್ಯೆಗೆ ಅಂಥ ಕನಿಷ್ಠ 2 ಪ್ರಕರಣಗಳೂ ಇಲ್ಲದಿದ್ದರೆ ಕಾಯಿಲೆ ಇಲ್ಲವೆಂದಲ್ಲ, ಹುಡುಕಾಟ ಸಾಲದು ಎಂದರ್ಥ.

ಹೆಚ್ಚು ಗೊಂದಲ ಹುಟ್ಟಿಸುವ ಪ್ರಶ್ನೆ ಇನ್ನೊಂದು: ಕಾಯಿಲೆ ಬಿದ್ದವರಲ್ಲಿ ಅರ್ಧದಷ್ಟು ಮಕ್ಕಳು ಲಸಿಕೆ ಹಾಕಿಸಿಕೊಂಡವರೇ ಆಗಿದ್ದರೆ ಲಸಿಕೆಯಿಂದ ಏನು ಬಂತು? ಒಂದು ಕಲ್ಪಿತ ಊರಿನಲ್ಲಿ ಸಾವಿರ ಮಕ್ಕಳಿದ್ದಾರೆ, 900 ಮಂದಿ ಲಸಿಕೆ ಪಡೆದಿದ್ದಾರೆ, 100 ಮಂದಿ ಪಡೆದಿಲ್ಲ ಎಂದುಕೊಳ್ಳೋಣ. ದಡಾರ ಬಂದ 20 ಮಕ್ಕಳಲ್ಲಿ ಹತ್ತು ಆ ಕಡೆ, ಹತ್ತು ಈ ಕಡೆ. ಲಸಿಕೆ ಪಡೆದವರಲ್ಲಿ ರೋಗ ಬಂದದ್ದು ಶೇ. 1.1, ಪಡೆಯದವರಲ್ಲಿ ಶೇ. 10. ಎರಡರ ವ್ಯತ್ಯಾಸವನ್ನು ಲಸಿಕೆ ಪಡೆಯದವರ ಶೇ. 10ರಿಂದ ಭಾಗಿಸಿದರೆ ಲಸಿಕೆಯ ಪರಿಣಾಮಕಾರಿತ್ವ, ಅಂದರೆ ಲಸಿಕೆ ರೋಗದ ಅಪಾಯವನ್ನು ತಗ್ಗಿಸಿದ ಪ್ರಮಾಣ, ಸುಮಾರು ಶೇ. 89. ವ್ಯಾಪ್ತಿ ಹೆಚ್ಚಿದಂತೆಲ್ಲ ರೋಗಿಗಳಲ್ಲಿ ಲಸಿಕೆ ಪಡೆದವರ ಪಾಲು ಹೆಚ್ಚುವುದು ಸಹಜ ಗಣಿತ, ಗಾಬರಿಯ ವಿಷಯವಲ್ಲ.

ಅದೇ ಗಣಿತ ಇನ್ನೊಂದು ಮಗ್ಗುಲನ್ನೂ ತೋರಿಸುತ್ತದೆ. 9 ತಿಂಗಳಿಗೆ ಹಾಕಿದ ಒಂದು ಡೋಸ್ ಸುಮಾರು ಶೇ. 85 ಮಕ್ಕಳಿಗೆ ರಕ್ಷಣೆ ಕೊಡುತ್ತದೆ. ವ್ಯಾಪ್ತಿ ಶೇ. 95 ಇದ್ದರೂ ನೂರರಲ್ಲಿ 19 ಮಕ್ಕಳು ಬಯಲಿನಲ್ಲೇ ಉಳಿದರು. ವರ್ಷಕ್ಕೆ 4,000 ಹೆರಿಗೆಯ ತಾಲ್ಲೂಕಿನಲ್ಲಿ ಐದು ವರ್ಷಕ್ಕೆ ಹೀಗೆ ಉಳಿದವರು ಸುಮಾರು 3,800, ಅಂದರೆ ಒಂದು ವರ್ಷ ಹುಟ್ಟಿದ ಮಕ್ಕಳಷ್ಟು. ಎರಡೂ ಡೋಸ್‌ಗಳಲ್ಲಿ ಶೇ. 95ರ ಗುರಿ ಇಟ್ಟಿರುವುದು ಇದಕ್ಕಾಗಿಯೇ, ಮತ್ತು ವರದಿಯಲ್ಲಿ ಎರಡನೇ ಡೋಸಿನ ವ್ಯಾಪ್ತಿಯನ್ನು ಮೊದಲನೆಯದರ ಜೊತೆ ಬೆರೆಸಬಾರದು.

ಪರಿಣಾಮಕಾರಿತ್ವ ಶೇ. 70ಕ್ಕಿಂತ ಕೆಳಗೆ ಬಂದರೆ ಮೊದಲು ರೋಗಿಗಳ ಕಾರ್ಡುಗಳನ್ನು ಮತ್ತೆ ತೆರೆಯಿಸಿ. ಬೇರೆ ಯಾವುದೋ ಚುಚ್ಚುಮದ್ದನ್ನು ದಡಾರದ ಲೆಕ್ಕಕ್ಕೆ ಬರೆದಿರಬಹುದು. ಕಾರ್ಡುಗಳು ಸರಿಯಿದ್ದರೆ, ಆ ಮಕ್ಕಳೆಲ್ಲ ಒಂದೇ ಉಪಕೇಂದ್ರದವರೇ ಎಂದು ಗುರುತಿಸಿ, ಅಲ್ಲಿಗೆ ಲಸಿಕೆ ಹೋಗುವ ಪ್ರಾಥಮಿಕ ಆರೋಗ್ಯ ಕೇಂದ್ರದ ಶೀತಲ ಪೆಟ್ಟಿಗೆಯ ಉಷ್ಣತೆ 2ರಿಂದ 8 ಡಿಗ್ರಿಯೊಳಗೆ ಇತ್ತೇ, ದ್ರಾವಕ ಬೆರೆಸಿದ ಸೀಸೆಯನ್ನು ನಾಲ್ಕು ಗಂಟೆಯೊಳಗೆ ಮುಗಿಸಲಾಯಿತೇ ಎಂಬುದನ್ನು ದಿನಚರಿ ಪುಸ್ತಕದಲ್ಲಿ ಪರಿಶೀಲಿಸಿ, ಆಮೇಲೆ ಲೆಕ್ಕವನ್ನು ಹೊಸದಾಗಿ ಮಾಡಿ.