‘ದಯಪಾಲಿಸು’ ಎಲ್ಲಿ, ‘ಬೆಳಗಲಿ’ ಎಲ್ಲಿ

ನಮ್ಮ ಗಾಯನ ತಂಡ ಮೊಜಾರ್ಟ್‌ನ ರೆಕ್ವಿಯಮ್, ಅಂದರೆ ಸತ್ತವರಿಗಾಗಿ ಲ್ಯಾಟಿನ್‌ನಲ್ಲಿ ಹಾಡುವ ಪ್ರಾರ್ಥನೆ, ಹಾಡುವುದೆಂದು ತೀರ್ಮಾನವಾಯಿತು. ಉಚ್ಚಾರಣೆ ಕನ್ನಡದಲ್ಲಿ ಬರೆದುಕೊಂಡರೆ ಸಾಕು ಅಂದರು. ನನಗೆ ಸಮಾಧಾನವಾಗಲಿಲ್ಲ, ನಿಘಂಟು ಹಿಡಿದು ಕೂತೆ.

ಮೊದಲ ಸಾಲಲ್ಲೇ ಎಡವಿದೆ. ‘ರೆಕ್ವಿಯೆಮ್ ಎತೆರ್ನಮ್ ದೋನಾ ಏಯಿಸ್, ದೋಮಿನೆ.’ ದೋನಾ ಎಂದರೆ ‘ಕಾಣಿಕೆಗಳು’ ಎಂದಿತ್ತು ನಿಘಂಟಿನಲ್ಲಿ. ‘ನಿತ್ಯ ವಿಶ್ರಾಂತಿ, ಕಾಣಿಕೆಗಳು, ಅವರಿಗೆ’ ಎಂದು ಬರೆದುಕೊಂಡು ಒಂದು ವಾರ ಹಾಗೇ ಹಾಡಿದೆ! ಅದು ‘ದೋನಾರೆ’ ಎಂಬ ಕ್ರಿಯಾಪದದ ಆಜ್ಞಾರೂಪ ಅಂತ ಆಮೇಲೆ ಗೊತ್ತಾಯಿತು: ದಯಪಾಲಿಸು. ಅದೂ ಏಕವಚನ. ದೇವರನ್ನು ‘ನೀನು’ ಅನ್ನುವುದರಲ್ಲಿ ಅವರೂ ನಮ್ಮ ಹಾಗೇ.

ಮುಂದಿನ ಅರ್ಧ, ‘ಎತ್ ಲುಕ್ಸ್ ಪೆರ್ಪೆತುವಾ ಲೂಚೆಯಾತ್ ಏಯಿಸ್’. ಇಲ್ಲಿ ಬೇಡಿಕೆ ನೇರ ದೇವರಿಗಲ್ಲ. ನಿತ್ಯದ ಬೆಳಕು ಅವರಿಗೆ ‘ಬೆಳಗಲಿ’. ‘ಲೂಚೆತ್’ ಎಂದರೆ ಬೆಳಗುತ್ತದೆ, ‘ಲೂಚೆಯಾತ್’ ಎಂದರೆ ಬೆಳಗಲಿ. ದೋನಾರೆಯಲ್ಲಿ ಉಲ್ಟಾ: ‘ದೋನಾತ್’ ಕೊಡುತ್ತಾನೆ, ‘ದೋನೆತ್’ ಕೊಡಲಿ. ಎಲ್ಲಾ ಸ್ವರದ ಆಟ. ಶಾಲೆಯಲ್ಲಿ ನಾವು ‘ಮಾಡು’, ‘ಮಾಡಲಿ’ ಎರಡನ್ನೂ ವಿಧ್ಯರ್ಥಕ ಅಂತ ಒಂದೇ ಡಬ್ಬಿಗೆ ಹಾಕಿದ್ದೆವಲ್ವಾ? ಲ್ಯಾಟಿನ್‌ನವರಿಗೆ ಎರಡು ಡಬ್ಬಿ: ‘ಮಾಡು’ ಆಜ್ಞಾರೂಪ, ‘ಮಾಡಲಿ’ ಸಬ್‌ಜಂಕ್ಟಿವ್ ಎಂಬ ಬೇರೆ ರೂಪ. ‘ಲಿ’ ಬಂದಲ್ಲಿ ಸಬ್‌ಜಂಕ್ಟಿವ್ ಅಂತ ನಾನೇ ಒಂದು ಸೂತ್ರ ಮಾಡಿಕೊಂಡೆ.

ಪರೀಕ್ಷೆಗೆ ‘ಪಾತೆರ್ ನೋಸ್ತೆರ್’ (‘ನಮ್ಮ ತಂದೆಯೇ’ ಎಂದು ಶುರುವಾಗುವ ಕ್ರೈಸ್ತರ ಪ್ರಾರ್ಥನೆ) ತೆಗೆದುಕೊಂಡೆ. ‘ಅದ್ವೇನಿಯಾತ್’ ಬರಲಿ, ‘ಫೀಯಾತ್’ ಆಗಲಿ. ‘ದಾ’ ಕೊಡು, ‘ದಿಮಿತ್ತೆ’ ಮನ್ನಿಸು. ಸೂತ್ರ ಚೆನ್ನಾಗಿ ನಡೆಯಿತು. ಆಮೇಲೆ ಬಂತು ‘ನೆ ನೋಸ್ ಇಂದೂಕಾಸ್’, ನಮ್ಮನ್ನು ಪ್ರಲೋಭನೆಗೆ ಒಳಪಡಿಸಬೇಡ. ‘ಲಿ’ ಇಲ್ಲ, ಆದರೂ ಸಬ್‌ಜಂಕ್ಟಿವ್! ಎರಡು ದಿನ ತಲೆ ಕೆಡಿಸಿಕೊಂಡೆ. ಬೇಡ ಅನ್ನುವುದಕ್ಕೆ ಲ್ಯಾಟಿನ್ ಗದ್ಯದಲ್ಲಿ ಸಾಮಾನ್ಯವಾಗಿ ಬರೀ ಆಜ್ಞಾರೂಪ ಬಳಸುವುದಿಲ್ಲ. ‘ನೆ’ ಸೇರಿಸಿ ಸಬ್‌ಜಂಕ್ಟಿವ್ ಹಾಕುತ್ತಾರೆ, ಇಲ್ಲವೇ ‘ನೋಲಿ’ ಎಂದು ಶುರುಮಾಡುತ್ತಾರೆ. ನೋಲಿ ಎಂದರೆ ಮೂಲದಲ್ಲಿ ‘ಇಷ್ಟಪಡದಿರು’. ನಮ್ಮ ‘ಬೇಡ’ವೂ ‘ಬೇಕು’ ಎಂಬುದರ ನಿಷೇಧವೇ ತಾನೇ? ‘ಕೊಡು’ವಿನ ಬಾಲಕ್ಕೆ ‘ಇಲ್ಲ’ ಕಟ್ಟಿ ನಾವೂ ತಡೆಯುವುದಿಲ್ಲ, ‘ಕೊಡಬೇಡ’ ಅನ್ನುತ್ತೇವೆ. ಅಷ್ಟು ಹೊಳೆದ ಮೇಲೆ ಆ ಸಾಲು ಮತ್ತೆ ಕಾಡಲಿಲ್ಲ.

ಕಾರ್ಯಕ್ರಮದ ದಿನ ನನ್ನ ಹಾಳೆಯಲ್ಲಿ ‘ದೋನಾ’ ಮೇಲೆಲ್ಲ ಕೆಂಪು ‘ಸು’, ‘ಲೂಚೆಯಾತ್’ ಮೇಲೆಲ್ಲ ಕೆಂಪು ‘ಲಿ’. ಪಕ್ಕದಲ್ಲಿ ನಿಂತಿದ್ದವರು ಬಗ್ಗಿ ನೋಡಿ, ‘ಇದು ಯಾವ ಸ್ವರಪ್ರಸ್ತಾರ ಮೇಡಂ?’ ಎಂದು ಕೇಳಿದರು.