ಟಿಇಎ ಲೇಸರ್: ಅದೇ ಅನಿಲವನ್ನು ಸುತ್ತಿಸಿ ಬಳಸುವಂತೆ ಕಟ್ಟಿದ್ದು

ಸೆಕೆಂಡಿಗೆ ಒಂದೆರಡು ಪಲ್ಸ್ ಸಾಕು ಎನ್ನುವವರಿಗೆ ಟಿಇಎ (ವಾತಾವರಣದ ಒತ್ತಡದ ಅನಿಲಕ್ಕೆ ಅಡ್ಡಲಾಗಿ ವಿದ್ಯುತ್ ಹಾಯಿಸುವ) ಕಾರ್ಬನ್ ಡೈಆಕ್ಸೈಡ್ ಲೇಸರ್ ಅಂಥ ಕಷ್ಟದ್ದಲ್ಲ. ಸಿಲಿಂಡರಿನಿಂದ ಅನಿಲ ಬಿಟ್ಟು, ಬಳಸಿ, ಹೊರಗೆ ಕಳಿಸಿದರಾಯಿತು. 50 ಪಲ್ಸ್ ಬೇಕೆಂದಾಗ ಆ ಅನಿಲದ ಹೆಚ್ಚಿನ ಪಾಲಾದ ಹೀಲಿಯಂ ಖರ್ಚು ತಾಳಲಾಗದು. ಅದೇ ಅನಿಲವನ್ನು ಸುತ್ತಿಸಲೇಬೇಕು. ಆಗ ಹೈವೋಲ್ಟೇಜ್ ಸರ್ಕ್ಯೂಟಿಗಿಂತ ಹೆಚ್ಚು ಯೋಚನೆ ಬೇಡುವುದು ಅನಿಲದ ದಾರಿ.

ಲೆಕ್ಕ ಶುರು ಮಾಡಿದ್ದು ಡಿಸ್ಚಾರ್ಜ್ ಜಾಗದಿಂದ, ಅಂದರೆ ಅನಿಲದೊಳಗೆ ವಿದ್ಯುತ್ ಹಾಯುವ ಜಾಗದಿಂದ. ಎಲೆಕ್ಟ್ರೋಡುಗಳ ನಡುವೆ 2 ಸೆಂ.ಮೀ., ಡಿಸ್ಚಾರ್ಜಿನ ಅಗಲ 2, ಉದ್ದ 40: ಒಟ್ಟು 0.16 ಲೀಟರ್. ಹೀಲಿಯಂ, ಕಾರ್ಬನ್ ಡೈಆಕ್ಸೈಡ್, ನೈಟ್ರೋಜನ್ 3:1:1 ಪ್ರಮಾಣದಲ್ಲಿ, ವಾತಾವರಣದ ಒತ್ತಡದಲ್ಲಿ. ಲೀಟರಿಗೆ 120 ಜೂಲ್ ಕೊಟ್ಟರೆ ಪಲ್ಸಿಗೆ ಸುಮಾರು 19 ಜೂಲ್. 25 ಕಿಲೋವೋಲ್ಟಿಗೆ ಇದು 60 ನ್ಯಾನೋಫ್ಯಾರಡ್. 2 ನ್ಯಾನೋಫ್ಯಾರಡಿನ ಸೆರಾಮಿಕ್ ಡೋರ್‌ನಾಬ್ ಕೆಪಾಸಿಟರ್ 30 ಸಮಾಂತರವಾಗಿ. ಅವನ್ನು ಎಲೆಕ್ಟ್ರೋಡಿಗೆ ಆದಷ್ಟು ಹತ್ತಿರ ಕೂರಿಸಿ. ತಂತಿ ಉದ್ದವಾದಷ್ಟೂ ಇಂಡಕ್ಟೆನ್ಸ್ ಏರಿ, ಎಲ್ಲೆಡೆ ಸಮನಾಗಿ ಹರಡಬೇಕಾದ ಡಿಸ್ಚಾರ್ಜ್ ಒಂದೇ ಕಡೆ ಕಿಡಿಯಾಗಿ ಹಾಯುವ ಆರ್ಕಿಗೆ ತಿರುಗುತ್ತದೆ. ಅನಿಲವನ್ನು ಮೊದಲೇ ಅಯಾನೀಕರಿಸಲು, ಮುಖ್ಯ ಡಿಸ್ಚಾರ್ಜಿಗೆ ಮೊದಲೇ ಯುವಿ (ನೇರಳಾತೀತ) ಸ್ಪಾರ್ಕ್ ಸಾಲು ಹೊತ್ತಿರಬೇಕು.

ಎರಡು ಪಲ್ಸುಗಳ ನಡುವೆ ಡಿಸ್ಚಾರ್ಜ್ ಜಾಗದ ಅನಿಲ ಒಂದು ಸಲ ಬದಲಾದರೆ ಸಾಕಲ್ಲವೇ ಎನಿಸುತ್ತದೆ. ಸಾಲದು. ಎಲೆಕ್ಟ್ರೋಡಿನ ಮೈಗೆ ತಾಗಿದ ಪದರ ನಿಧಾನ ಹರಿಯುತ್ತದೆ, ಬಿಸಿಯಾದ ಅನಿಲ ಹಿಂದಕ್ಕೂ ಹಿಗ್ಗುತ್ತದೆ. ನಾವು ಮೂರು ಪಟ್ಟು ಇಟ್ಟುಕೊಂಡೆವು: ವೇಗ ಸೆಕೆಂಡಿಗೆ 3 ಮೀಟರ್, ಹರಿವು 24 ಲೀಟರ್. ಈ ಹರಿವಿನಲ್ಲಿ ಅನಿಲ ಸರಾಸರಿ 35 ಡಿಗ್ರಿಯಷ್ಟು ಬಿಸಿಯಾಗುತ್ತದೆ, ಹಾಗಾಗಿ ಹೀಟ್ ಎಕ್ಸ್‌ಚೇಂಜರ್ ಕನಿಷ್ಠ 1 ಕಿಲೋವ್ಯಾಟ್ ಶಾಖ ತೆಗೆಯುವಂತಿರಲಿ. ವೇಗ ಸಾಲದಿದ್ದರೆ ಮೊದಲ ಆರ್ಕ್ ಕಾಣುವುದು ಎಲೆಕ್ಟ್ರೋಡಿನ ಕೆಳಹರಿವಿನ ಅಂಚಿನಲ್ಲಿ. ಅಲ್ಲೇ ಕಪ್ಪು ಚುಕ್ಕೆಗಳು ಸಾಲುಗಟ್ಟಿದ್ದರೆ ವೋಲ್ಟೇಜ್ ಮುಟ್ಟಬೇಡಿ, ಫ್ಯಾನ್ ನೋಡಿ. ಮೋಟರ್ ಹೊರಗಿಟ್ಟು ಮ್ಯಾಗ್ನೆಟಿಕ್ ಕಪ್ಲಿಂಗಿನಿಂದ ತಿರುಗಿಸುವುದು ಒಳ್ಳೆಯದು. ಬೇರಿಂಗಿನ ಗ್ರೀಸ್ ಆವಿ ಒಳಗೆ ಸೇರಿದರೆ ಕಿಟಕಿ, ಕನ್ನಡಿ ಎರಡೂ ಮಂಕಾಗುತ್ತವೆ.

ನಿಜವಾದ ಶತ್ರು ಆಮ್ಲಜನಕ. ಪ್ರತಿ ಪಲ್ಸಿನಲ್ಲೂ ಒಂದಿಷ್ಟು ಕಾರ್ಬನ್ ಡೈಆಕ್ಸೈಡ್ ಒಡೆದು ಕಾರ್ಬನ್ ಮಾನಾಕ್ಸೈಡ್, ಆಮ್ಲಜನಕ ಆಗುತ್ತದೆ. ಆಮ್ಲಜನಕ ಎಲೆಕ್ಟ್ರಾನುಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅದು ಶೇ. 1ರ ಹತ್ತಿರ ಬಂದರೆ ಚೆನ್ನಾಗಿ ನಡೆಯುತ್ತಿದ್ದ ಡಿಸ್ಚಾರ್ಜೂ ಆರ್ಕ್ ಆಗತೊಡಗುತ್ತದೆ. ಎರಡನ್ನೂ ಮತ್ತೆ ಕೂಡಿಸಲು ಕ್ಯಾಟಲಿಸ್ಟ್ (ವೇಗವರ್ಧಕ) ಬೇಕು. ಅಲ್ಯೂಮಿನಾ ಮೇಲಿನ ಪ್ಲಾಟಿನಂಗೆ ಬಿಸಿ ಬೇಕಾದ್ದರಿಂದ ಹರಿವಿನ ಸಣ್ಣ ಪಾಲನ್ನು ಬೈಪಾಸಿನಲ್ಲಿ ಕಾಯಿಸಿ ಹಾಯಿಸಬೇಕು. ಟಿನ್ ಆಕ್ಸೈಡ್ ಮೇಲಿನ ಪ್ಲಾಟಿನಂ ಕೋಣೆಯ ಉಷ್ಣತೆಯ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ. ನಾಸಾದ ಲ್ಯಾಂಗ್ಲಿ ಕೇಂದ್ರ ಇದರ ಮೇಲೆ ಬಹಳ ಕೆಲಸ ಮಾಡಿದೆ. ಮ್ಯಾಂಗನೀಸ್, ತಾಮ್ರದ ಆಕ್ಸೈಡುಗಳ ಮಿಶ್ರಣವಾದ ಹಾಪ್ಕಲೈಟ್ ಅಗ್ಗ, ಆದರೆ ತೇವ ತಾಗಿದರೆ ಸತ್ತಂತೆ. ಕ್ಯಾಟಲಿಸ್ಟ್ ಗುಳಿಗೆ ರೂಪದ್ದಾದರೆ ಅನಿಲ ಅದನ್ನು ದಾಟಿದ ಮೇಲೆ ಫಿಲ್ಟರ್ ಇರಲೇಬೇಕು. ಅದರ ಪುಡಿ ಎಲೆಕ್ಟ್ರೋಡಿನ ಮೇಲೆ ಕೂತರೆ ಅಲ್ಲೇ ಆರ್ಕ್. ತುಂಬುವಾಗಲೇ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಸೇರಿಸಿದರೆ ಆಮ್ಲಜನಕ ಇನ್ನೂ ಕೆಳಗೆ ನಿಲ್ಲುತ್ತದೆ. ಕಾರ್ಬನ್ ಮಾನಾಕ್ಸೈಡ್ ವಿಷಾನಿಲ, ಕೋಣೆಯಲ್ಲಿ ಅಲಾರಂ ಇಲ್ಲದೆ ಮುಟ್ಟಬಾರದು.

ಆಮ್ಲಜನಕ ಅಳೆಯುವುದರಲ್ಲೂ ಮೋಸವಿದೆ. ಬಿಸಿ ಜಿರ್ಕೋನಿಯಾ ಸೆನ್ಸರಿನ ಮೇಲೆ ಕಾರ್ಬನ್ ಮಾನಾಕ್ಸೈಡ್ ಉರಿದು, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕ್ಷಾರ ತುಂಬಿದ ಗ್ಯಾಲ್ವಾನಿಕ್ ಸೆಲ್ಲನ್ನು ಕಾರ್ಬನ್ ಡೈಆಕ್ಸೈಡೇ ಹಾಳು ಮಾಡುತ್ತದೆ. ಆಮ್ಲದ ಎಲೆಕ್ಟ್ರೋಲೈಟ್ ಇರುವ ಸೆಲ್ ಕೇಳಿ ತನ್ನಿ. ಮೊದಲು ಕ್ಯಾಟಲಿಸ್ಟ್ ಇಲ್ಲದೆ ಮುಚ್ಚಿದ ಸ್ಥಿತಿಯಲ್ಲಿ ಓಡಿಸಿ, ಎಷ್ಟು ಪಲ್ಸಿಗೆ ಎಷ್ಟು ಏರಿತೆಂದು ಬರೆದಿಡಿ. ಕ್ಯಾಟಲಿಸ್ಟ್ ಎಷ್ಟು ಹಾಕಬೇಕೆಂಬುದು ಆ ಏರಿಕೆಯ ಲೆಕ್ಕದಿಂದಲೇ ಸಿಗುತ್ತದೆ. ಲೇಸರ್ ನಿಲ್ಲಿಸಿದ ಮೇಲೂ ಆಮ್ಲಜನಕ ಏರುತ್ತಿದ್ದರೆ ಅದು ಸೋರಿಕೆ: ಕಿಟಕಿಯ ಓ-ರಿಂಗಿನಿಂದ ಹುಡುಕಲು ಶುರು ಮಾಡಿ, ಆದರೆ ಅದಕ್ಕೂ ಮೊದಲು ಕೆಪಾಸಿಟರುಗಳನ್ನು ಅರ್ತಿಂಗ್ ಕೋಲಿನಿಂದ ಖಾಲಿ ಮಾಡಿಕೊಳ್ಳಿ.