"ಸಿಪಿಆರ್ ಮಾಡಬೇಕಾ?" ಅಂತ ಕೇಳುವುದನ್ನು ನಾನು ಬಿಟ್ಟಿದ್ದು

ಐಸಿಯು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮನೆಯವರನ್ನು ನೇರವಾಗಿ ಕೇಳಿಬಿಡುತ್ತಿದ್ದೆ: "ಹೃದಯ ನಿಂತರೆ ಸಿಪಿಆರ್ ಮಾಡಬೇಕಾ, ಬೇಡವಾ?" ಅಂದರೆ, ನಿಂತ ಹೃದಯ ಮತ್ತೆ ಬಡಿಯಲಿ ಅಂತ ಎದೆ ಒತ್ತಬೇಕಾ ಅಂತ. ಬಹುತೇಕ ಎಲ್ಲರೂ "ಏನು ಬೇಕಾದ್ರೂ ಮಾಡಿ ಡಾಕ್ಟ್ರೇ" ಎನ್ನುತ್ತಿದ್ದರು. ಮತ್ತೇನು ಹೇಳಿಯಾರು? ಬೇಡ ಅಂದರೆ ಹೆತ್ತವಳನ್ನು ತಾವೇ ಕೈಬಿಟ್ಟಂತೆ, ಅಲ್ವಾ?

ಹಾಗೆ ಹೇಳಿದ ಒಬ್ಬ ಮಗನ ತಾಯಿಗೆ ಕ್ಯಾನ್ಸರ್ ಲಿವರ್‌ಗೂ ಶ್ವಾಸಕೋಶಕ್ಕೂ ಹರಡಿತ್ತು. ರಾತ್ರಿ ಹೃದಯ ನಿಂತಿತು. ಮಗನನ್ನು ಹೊರಗೆ ಕಳಿಸಿ ಶುರು ಮಾಡಿದೆವು. ಸಿಪಿಆರ್ ಅಂದರೆ ಸುಮ್ನೆ ಎದೆ ನೀವುವುದಲ್ಲ. ನಿಮಿಷಕ್ಕೆ 100ರಿಂದ 120 ಸಲ, ಎದೆ 5 ಸೆಂಟಿಮೀಟರ್‌ ಆದರೂ ತಗ್ಗುವಂತೆ, ಮೈಭಾರ ಹಾಕಿ ಒತ್ತಬೇಕು. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಇನ್ನೊಬ್ಬರು ಬರುತ್ತಾರೆ. ಪಕ್ಕೆಲುಬು ಮುರಿದದ್ದು ನನ್ನ ಅಂಗೈಗೆ ಗೊತ್ತಾಯಿತು. ಅಡ್ರಿನಲಿನ್ ಕೊಡುತ್ತಾ ಹೋದೆವು. ಮಾನಿಟರ್‌ನಲ್ಲಿ ಗೆರೆ ನೇರವಾಗಿಯೇ ಇತ್ತು. ಅಂಥ ಗೆರೆಗೆ ಶಾಕ್ ಕೊಟ್ಟು ಪ್ರಯೋಜನವಿಲ್ಲ. ಇಪ್ಪತ್ತು ನಿಮಿಷದ ಮೇಲೆ ನಿಲ್ಲಿಸಿದೆವು. ಒಳಗೆ ಬಂದ ಮಗ ತಾಯಿಯ ತುಟಿಯ ರಕ್ತ ನೋಡಿದ. ಆ ಇಪ್ಪತ್ತು ನಿಮಿಷ ಅವನು ಅಮ್ಮನ ಕೈ ಹಿಡಿದು ಕೂರಬಹುದಿತ್ತು. ಅದನ್ನು ಕಿತ್ತುಕೊಂಡವಳು ನಾನು.

ಸಿಪಿಆರ್ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನಾಗಿದ್ದವರ ಹೃದಯ ಇದ್ದಕ್ಕಿದ್ದಂತೆ ನಿಂತರೆ ಓಡಿ ಹೋಗಿ ಒತ್ತುತ್ತೇನೆ. 1960ರಲ್ಲಿ ಈ ವಿಧಾನದ ಮೊದಲ ವರದಿ ಬಂದಾಗ ಅದರಲ್ಲಿದ್ದವರು 20 ಜನ, ಬದುಕಿದವರು 14. ಅವರಲ್ಲಿ ಅನೇಕರಿಗೆ ಹೃದಯ ನಿಂತದ್ದು ಅನಸ್ತೇಸಿಯಾ ಕೊಟ್ಟಾಗ. ಕಾಯಿಲೆಯಲ್ಲಿ ಮೈಯೆಲ್ಲ ಸೋತು ಕೊನೆಗೆ ಹೃದಯ ನಿಲ್ಲುವುದು ಬೇರೆಯೇ ಸಂಗತಿ.

ಈಗ ಈ ಮಾತನ್ನು ಹಗಲಲ್ಲೇ, ಕೂತು ಆಡುತ್ತೇನೆ. ರೋಗಿಗೆ ಮಾತಾಡಲು ಆಗುವುದಾದರೆ ಮೊದಲು ಅವರ ಹತ್ತಿರ. ಆಗದಿದ್ದರೆ ಮನೆಯವರನ್ನು ಕೇಳುತ್ತೇನೆ: ಅವರು ಎಂಥವರು, ಇಂಥ ಸ್ಥಿತಿ ಬಂದರೆ ಏನು ಅನ್ನುತ್ತಿದ್ದರು? ಆಮೇಲೆ ಹೇಳುತ್ತೇನೆ: "ಅಮ್ಮ ಸಾವಿಗೆ ಹತ್ತಿರ ಇದ್ದಾರೆ. ಹೃದಯ ನಿಂತಾಗ ಎದೆ ಒತ್ತಿದರೆ ಅವರಿಗೆ ನೋವೇ ಹೊರತು ಉಪಯೋಗವಿಲ್ಲ. ಅದನ್ನು ಮಾಡಬಾರದು ಅಂತ ನನ್ನ ಅಭಿಪ್ರಾಯ." ಆ ಭಾರ ಹೊರಬೇಕಾದವಳು ನಾನು, ಮಕ್ಕಳಲ್ಲ. ಹೇಳಿ ಸುಮ್ಮನಿರುತ್ತೇನೆ. ಅಳುವವರು ಅಳಲಿ.

ಒಪ್ಪದಿದ್ದರೆ ವಾದ ಮಾಡುವುದಿಲ್ಲ, ಮರುದಿನ ಮತ್ತೆ ಕೂರುತ್ತೇನೆ. ಆದರೆ ನಾಟಕಕ್ಕೆ ಒಪ್ಪುವುದಿಲ್ಲ. ಹಿಂದೆ ಒಬ್ಬ ಸೀನಿಯರ್ "ಮನೆಯವರ ಸಮಾಧಾನಕ್ಕೆ ಎರಡು ನಿಮಿಷ ಒತ್ತಿಬಿಡು" ಅಂದಿದ್ದರು. ಒತ್ತಿದೆ. ಸತ್ತವರ ಮೈಮೇಲೆ ಸುಳ್ಳು ಹೇಳಿದ ಹಾಗೆ ಅನ್ನಿಸಿತು.

ಒಬ್ಬ ಮಗಳು ಕೇಳಿದ್ದಳು, "ಡಿಎನ್ಆರ್ ಅಂತ ಬರೆದರೆ ಔಷಧಿನೂ ನಿಲ್ಲಿಸ್ತೀರಾ?" ಈ ಭಯ ತುಂಬ ಜನಕ್ಕಿದೆ. ಡಿಎನ್ಆರ್ ಅಂದರೆ ಹೃದಯ ನಿಂತಾಗ ಸಿಪಿಆರ್ ಮಾಡಬೇಡಿ ಅನ್ನುವ ಸೂಚನೆ, ಅದೊಂದೇ. ಉಸಿರಿನ ಸಂಕಟಕ್ಕೆ ಮಾರ್ಫಿನ್ ಕೊಡುತ್ತೇವೆ, ಬಾಯಿ ಒದ್ದೆ ಮಾಡುತ್ತೇವೆ, ಮಗ್ಗುಲು ಬದಲಿಸುತ್ತೇವೆ. ಅವಳ ತಾಯಿಯ ಕೇಸ್ ಶೀಟ್‌ನಲ್ಲಿ ಡಿಎನ್ಆರ್ ಅಂತ, ಅದರ ಕಾರಣ, ದಿನಾಂಕ, ಸಮಯ ಬರೆದೆ. ರಾತ್ರಿ ಡ್ಯೂಟಿಯ ಸಿಸ್ಟರ್‌ಗೆ ಬಾಯಲ್ಲೂ ಹೇಳಿದೆ. ಬರೆದದ್ದನ್ನು ಯಾರೂ ಓದಿರದಿದ್ದರೆ ಗಾಬರಿಯಲ್ಲಿ ಒತ್ತಲು ಶುರು ಮಾಡಿಬಿಡುತ್ತಾರೆ.

ಆ ರಾತ್ರಿ ಮಾನಿಟರ್ ಸದ್ದು ನಿಲ್ಲಿಸಿ, ಮಂಚದ ಪಕ್ಕದ ಕಂಬಿ ಇಳಿಸಿದೆವು. ಮಗಳು ಹತ್ತಿರ ಸರಿದು ತಾಯಿಯ ತಲೆ ಬಾಚುತ್ತಿದ್ದಳು. ಉಸಿರಿನ ನಡುವೆ ಬಿಡುವು ಉದ್ದವಾಗುತ್ತಾ ಬಂತು.

"ಹೋದ್ರಾ?" ಅಂದಳು.

ಸ್ಟೆತಸ್ಕೋಪ್ ಇಟ್ಟು ಕೇಳಿದೆ. ಹೌದು ಅಂದೆ. ಅವಳು ಜಡೆ ಹಾಕಿ ಮುಗಿಸುವವರೆಗೆ ಪಕ್ಕದಲ್ಲೇ ನಿಂತಿದ್ದೆ.